ಇಂದಿನ ಚಿಂತನೆ: ಕಳೆಯಲ್ಲದ ಬಳ್ಳಿ



ಖಾನಾಪುರದ ನಮ್ಮ ಹೊಲದ ಬೇಲಿಯಲ್ಲಿ ಮುಳ್ಳುಬಳ್ಳಿಯೊಂದನ್ನು ಕಳೆಯೆಂದು ಕಡಿದೆ. ಅವ್ವ ನೊಂದುಕೊಂಡಳು. ಅದು ಶತಾವರಿ. ಬಾಣಂತಿಗೆ ಹಾಲು ಹೆಚ್ಚಲೆಂದು ಅದರ ಬೇರು ಕೊಡುವ ರೂಢಿ. ಹಲವು ಮಕ್ಕಳ ತಾಯಿ ಬೇರು ಎಂದೇ ಹೆಸರು.

ಬೆಳಗಾವಿಗೆ ಮರಳುವಾಗ ಬುದ್ಧರ ವೈದ್ಯ ಜೀವಕ ನೆನಪಾದ. ರಾಜಗೃಹದ ಕಸದ ರಾಶಿಗೆ ಎಸೆದಿದ್ದ ಕೂಸನ್ನು ಅಭಯ ರಾಜಕುಮಾರ ಸಾಕಿದ. ತಕ್ಷಶಿಲೆಯಲ್ಲಿ 7 ವರ್ಷ ಕಲಿತ ಮೇಲೆ, ಮದ್ದಾಗದ ಗಿಡವೊಂದನ್ನು ತರಲು ಗುರು ಕಳಿಸಿದರು. ಯೋಜನ ದೂರ ಸುತ್ತಿ ಬರಿಗೈಲಿ ಬಂದ. ಅಲ್ಲಿಗೆ ಅವನ ಕಲಿಕೆ ಪೂರ್ತಿಯಾಯಿತು. ಊರಿಗೆ ಮರಳುವ ದಾರಿಯಲ್ಲಿ ಸಾಕೇತದ ಸೆಟ್ಟಿಯ ಹೆಂಡತಿಯ ಹಳೆಯ ತಲೆನೋವು ವಾಸಿಮಾಡಿದ. ಅವನ ಮೊದಲ ರೋಗಿ ಹೆಣ್ಣುಮಗಳೇ.

ಕಸವೆಂದು ಬಿಸಾಡಿದ್ದ ಅವನಿಗೆ ಯಾವ ಗಿಡವೂ ಕಸವಾಗಿ ಕಾಣಲಿಲ್ಲ. ಈ ಭಾನುವಾರ ಹೋಗಿ, ಉಳಿದ ಬುಡಕ್ಕೆ ಮಣ್ಣು ಏರಿಸಿ ನೀರು ಹಾಕಿ ಬಂದೆ.

ಭವತು ಸಬ್ಬ ಮಂಗಲಂ 🌿