ಹಸಿರು ದೋಣಿಯ ಥೋರೋ

ಹೆನ್ರಿ ಡೇವಿಡ್ ಥೋರೋನನ್ನು ಕನ್ನಡದ ವಿದ್ಯಾರ್ಥಿ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಕಾಣುತ್ತಾನೆ. ಗಾಂಧೀಜಿಯವರ ಸತ್ಯಾಗ್ರಹದ ಚರ್ಚೆಯಲ್ಲಿ ಆತ ತೆರಿಗೆ ಕೊಡಲೊಪ್ಪದೆ ಒಂದು ರಾತ್ರಿ ಸೆರೆಮನೆಯಲ್ಲಿ ಕಳೆದ ಪ್ರಬಂಧಕಾರ. ಪ್ರಕೃತಿ ಸಾಹಿತ್ಯದ ಚರ್ಚೆಯಲ್ಲಿ ಕೊಳದ ದಂಡೆಯ ಗುಡಿಸಲಿನಲ್ಲಿ ಒಬ್ಬನೇ ಬದುಕಿ ‘ವಾಲ್ಡನ್’ ಬರೆದ ಏಕಾಂತಪ್ರಿಯ. ಎರಡೂ ಸುಳ್ಳಲ್ಲ. ಆದರೆ ಆ ಒಂಟಿತನದ ಚಿತ್ರ ಎಷ್ಟು ಪ್ರಸಿದ್ಧವಾಗಿದೆಯೆಂದರೆ, ಆತನ ಬದುಕಿನ ಮುಖ್ಯ ಪಯಣಗಳೆಲ್ಲ ಮತ್ತೊಬ್ಬರ ಜೊತೆಯಲ್ಲಿ, ಬಹುಪಾಲು ಒಂದೇ ದೋಣಿಯಲ್ಲಿ ನಡೆದವೆಂಬುದು ಮರೆತುಹೋಗಿದೆ.

ಥೋರೋ ಹುಟ್ಟಿದ್ದು 1817ರ ಜುಲೈ 12ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಊರಿನಲ್ಲಿ. ತಂದೆ ಪೆನ್ಸಿಲ್ ತಯಾರಕ. ಸಡ್‌ಬರಿ ಮತ್ತು ಅಸಾಬೆಟ್ ಎಂಬ ಎರಡು ಹೊಳೆಗಳು ಆ ಊರಿನಲ್ಲಿಯೇ ಕೂಡಿ ಕಾಂಕರ್ಡ್ ನದಿಯಾಗಿ ಮುಂದೆ ಹರಿಯುತ್ತವೆ. ನೀರು ಮಂದಗತಿಯದು, ದಡದುದ್ದಕ್ಕೂ ಹುಲ್ಲುಗಾವಲು. ಮೂಲನಿವಾಸಿಗಳು ಇದನ್ನು ಹುಲ್ಲುನೆಲದ ಹೊಳೆ ಎಂಬರ್ಥದಲ್ಲಿ ಮಸ್ಕೆಟಾಕ್ವಿಡ್ ಎಂದು ಕರೆಯುತ್ತಿದ್ದರು. 1837ರಲ್ಲಿ ಹಾರ್ವರ್ಡ್‌ನಿಂದ ಪದವಿ ಪಡೆದು ಬಂದ ಥೋರೋ ಊರ ಶಾಲೆಯಲ್ಲಿ ಅಧ್ಯಾಪಕನಾದನು. ಮಕ್ಕಳಿಗೆ ಬೆತ್ತದ ಏಟು ಕೊಡಬೇಕೆಂಬ ಒತ್ತಾಯ ಬಂದಾಗ ಕೆಲವೇ ವಾರಗಳಲ್ಲಿ ಆ ಕೆಲಸ ಬಿಟ್ಟನು. ಮರುವರ್ಷ ಆತನೂ ಅಣ್ಣ ಜಾನ್‌ನೂ ಸೇರಿ ತಮ್ಮದೇ ಶಾಲೆ ನಡೆಸತೊಡಗಿದರು. ಅಲ್ಲಿ ಬೆತ್ತವಿರಲಿಲ್ಲ, ಮಕ್ಕಳನ್ನು ಹೊಲ, ಕಾಡು, ಹೊಳೆಗಳಿಗೆ ಕರೆದೊಯ್ಯುವುದೂ ಪಾಠವೇ ಆಗಿತ್ತು. ತಮ್ಮ ಮೌನಿ, ತುಸು ಒರಟು. ಅಣ್ಣ ಎಲ್ಲರಿಗೂ ಬೇಕಾದವನು, ಹಕ್ಕಿಗಳನ್ನು ಬಲ್ಲವನು.

1839ರ ವಸಂತದಲ್ಲಿ ಅಣ್ಣತಮ್ಮಂದಿರು ಒಂದು ವಾರ ದುಡಿದು ದೋಣಿಯೊಂದನ್ನು ಕಟ್ಟಿದರು. ಉದ್ದ ಹದಿನೈದು ಅಡಿ, ಅತಿ ಅಗಲವಿದ್ದಲ್ಲಿ ಮೂರೂವರೆ ಅಡಿ. ನೀರು ಮುಟ್ಟುವ ಕೆಳಭಾಗಕ್ಕೆ ಹಸಿರು ಬಣ್ಣ, ಅಂಚಿಗೆ ನೀಲಿ. ಎರಡು ಜೊತೆ ಹುಟ್ಟುಗಳು, ಆಳವಿಲ್ಲದಲ್ಲಿ ನೂಕಲು ಉದ್ದನೆಯ ಕೋಲುಗಳು, ಎರಡು ಹಾಯಿಕಂಬಗಳು. ಅವುಗಳಲ್ಲೊಂದು ರಾತ್ರಿ ಗುಡಾರದ ನಡುಗಂಬವೂ ಆಗುತ್ತಿತ್ತು. ಜಲಪಾತಗಳಿದ್ದಲ್ಲಿ ನೆಲದ ಮೇಲೆ ಉರುಳಿಸಿಕೊಂಡು ಹೋಗಲು ಗಾಲಿಗಳೂ ಇದ್ದವು. ಹೊಳೆಯ ಹಳೆಯ ಹೆಸರನ್ನೇ ದೋಣಿಗಿಟ್ಟರು. ಆಗಸ್ಟ್ 31ರ ಶನಿವಾರ ಹಾಸಿಗೆಗೆ ಎಮ್ಮೆಯ ಜಾತಿಯ ಕಾಡುಪ್ರಾಣಿಯಾದ ಬೈಸನ್‌ನ ಚರ್ಮ, ಹತ್ತಿಬಟ್ಟೆಯ ಗುಡಾರ, ತಾವೇ ಬೆಳೆದ ಆಲೂಗಡ್ಡೆ ಮತ್ತು ಕರಬೂಜ ಹಣ್ಣುಗಳನ್ನು ತುಂಬಿಕೊಂಡು ಹೊರಟರು.

ಕಾಂಕರ್ಡ್ ನದಿಯಲ್ಲಿ ಕೆಳಗಿಳಿದು, ಕಾಲುವೆಯೊಂದರ ಮೂಲಕ ಮೆರಿಮ್ಯಾಕ್ ನದಿಗೆ ದಾಟಿ, ಅದರ ಪ್ರವಾಹಕ್ಕೆದುರಾಗಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹುಕ್ಸೆಟ್‌ವರೆಗೆ ಹುಟ್ಟುಹಾಕಿದರು. ಅಲ್ಲಿ ದೋಣಿಯನ್ನು ಬಿಟ್ಟು ಶ್ವೇತಪರ್ವತಗಳಿಗೆ ಹೋಗಿ, ಸೆಪ್ಟೆಂಬರ್ 10ರಂದು 6,288 ಅಡಿ ಎತ್ತರದ ವಾಷಿಂಗ್ಟನ್ ಶಿಖರವನ್ನೇರಿದರು. ಮರಳುವಾಗ ಕೊನೆಯ ದಿನ ಗಾಳಿ ಬೆನ್ನಿಗಿತ್ತು. ಹಾಯಿ ಬಿಚ್ಚಿ, ಹುಟ್ಟೂ ಹಾಕುತ್ತ, ಸುಮಾರು ಐವತ್ತು ಮೈಲಿ ಒಂದೇ ದಿನದಲ್ಲಿ ಸಾಗಿ, 13ರ ಶುಕ್ರವಾರ ರಾತ್ರಿ ತಮ್ಮೂರಿನ ದಡಕ್ಕೆ ಬಂದರು. ಒಟ್ಟು ಎರಡು ವಾರ. ಅಪಾಯದ ಲೆಕ್ಕದಲ್ಲಿ ಇದು ದೊಡ್ಡ ಸಾಹಸವೇನಲ್ಲ. ದೋಣಿ ಮುಳುಗಲಿಲ್ಲ, ಯಾರೂ ಹಸಿಯಲಿಲ್ಲ.

ಮರುವರ್ಷ ಇಬ್ಬರೂ ಎಲೆನ್ ಸ್ಯೂವಲ್ ಎಂಬ ಒಬ್ಬಳೇ ತರುಣಿಯನ್ನು ಮದುವೆಗೆ ಕೇಳಿದರು; ಇಬ್ಬರಿಗೂ ದೊರೆತದ್ದು ನಿರಾಕರಣೆ. 1841ರಲ್ಲಿ ಜಾನ್‌ನ ಆರೋಗ್ಯ ಕೆಟ್ಟು ಶಾಲೆ ಮುಚ್ಚಿತು. 1842ರ ಹೊಸವರ್ಷದ ದಿನ ಕ್ಷೌರದ ಕತ್ತಿ ಮಸೆಯುತ್ತಿದ್ದಾಗ ಆತನ ಬೆರಳಿಗೆ ಸಣ್ಣ ಗಾಯವಾಯಿತು. ಅದೇ ಧನುರ್ವಾಯುವಾಗಿ, ಜನವರಿ 11ರಂದು ಜಾನ್ ತಮ್ಮನ ತೋಳುಗಳಲ್ಲಿ ತೀರಿಕೊಂಡನು. ಕೆಲವು ದಿನಗಳ ತರುವಾಯ ಗಾಯವೇ ಇಲ್ಲದ ಥೋರೋನ ದೇಹದಲ್ಲಿಯೂ ಅದೇ ರೋಗದ ಲಕ್ಷಣಗಳು ಕಾಣಿಸಿಕೊಂಡವು. ಮನೆಯವರು ಇವನನ್ನೂ ಕಳೆದುಕೊಂಡೆವೆಂದೇ ಭಾವಿಸಿದರು. ದುಃಖವು ದೇಹದಲ್ಲಿ ತಾಳಿದ ರೂಪವದು. ಆತ ಚೇತರಿಸಿಕೊಂಡನು. ಅದೇ ವರ್ಷ, ಊರಿಗೆ ಹೊಸದಾಗಿ ಬಂದಿದ್ದ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್‌ಗೆ ಆ ದೋಣಿಯನ್ನು ಏಳು ಡಾಲರಿಗೆ ಮಾರಿ, ಹುಟ್ಟುಹಾಕುವುದನ್ನೂ ಕಲಿಸಿಕೊಟ್ಟನು. ಥೋರೋನ ಕೈಯಲ್ಲಿ ಹೇಳಿದಂತೆ ಕೇಳುತ್ತಿದ್ದ ದೋಣಿ ಹಾಥಾರ್ನ್‌ನ ಕೈಯಲ್ಲಿ ದಿಕ್ಕುದಿಕ್ಕಿಗೆ ತಿರುಗಿತಂತೆ. ಹೊಸ ಒಡೆಯ ಅದಕ್ಕೆ ನೈದಿಲೆಯ ಹೆಸರಿಟ್ಟನು.

ಕಾಡಿನ ಕುಶಲಿ ಎನಿಸಿಕೊಂಡವನ ಬದುಕಿನಲ್ಲಿ ಒಂದು ದೊಡ್ಡ ತಪ್ಪೂ ಇದೆ. ಜೀವನಚರಿತ್ರೆ ಬರೆಯುವವರು ಅದನ್ನು ಅಡಿಟಿಪ್ಪಣಿಗೆ ತಳ್ಳಬಾರದು. 1844ರ ಏಪ್ರಿಲ್ 30ರಂದು ಎಡ್ವರ್ಡ್ ಹೋರ್ ಎಂಬ ತರುಣ ಗೆಳೆಯನೊಡನೆ ದೋಣಿಯಲ್ಲಿ ಹೋಗಿ, ಹಿಡಿದ ಮೀನನ್ನು ಬೇಯಿಸಲು ದಡದ ಮರದ ಬೊಡ್ಡೆಯೊಂದರಲ್ಲಿ ಬೆಂಕಿ ಹೊತ್ತಿಸಿದನು. ಮಳೆ ಕಾಣದ ಒಣಹುಲ್ಲಿಗೆ ಕಿಡಿ ತಗುಲಿ, ಸುಮಾರು ಮುನ್ನೂರು ಎಕರೆ ಕಾಡು ಸುಟ್ಟುಹೋಯಿತು. ಊರವರು ಆತನನ್ನು ಕಾಡು ಸುಟ್ಟವನೆಂದು ವರ್ಷಗಟ್ಟಲೆ ಹಂಗಿಸಿದರು. ಆತ ಅದರ ಬಗ್ಗೆ ದಿನಚರಿಯಲ್ಲಿ ಬರೆದುಕೊಂಡದ್ದೇ ಆರು ವರ್ಷ ಕಳೆದ ಮೇಲೆ. ಆ ಬರಹದಲ್ಲಿ ಪಶ್ಚಾತ್ತಾಪಕ್ಕಿಂತ ಸಮರ್ಥನೆಯೇ ಹೆಚ್ಚು.

ವಾಲ್ಡನ್ ಕೊಳದ ಕಥೆ ಎಲ್ಲರಿಗೂ ತಿಳಿದದ್ದು. 1845ರ ಮಾರ್ಚ್ ಕೊನೆಯಲ್ಲಿ ಸಾಲ ತಂದ ಕೊಡಲಿಯಿಂದ ಪೈನ್ ಮರಗಳನ್ನು ಕಡಿದು, ಹಳೆಯ ಗುಡಿಸಲೊಂದರ ಹಲಗೆಗಳನ್ನು ಕೊಂಡು, ಹತ್ತು ಅಡಿ ಅಗಲ ಹದಿನೈದು ಅಡಿ ಉದ್ದದ ಮನೆಯನ್ನು 28 ಡಾಲರ್ 12½ ಸೆಂಟ್ ಖರ್ಚಿನಲ್ಲಿ ಕಟ್ಟಿಕೊಂಡನು. ನೆಲ ಎಮರ್ಸನ್‌ನದು. ಜುಲೈ 4ರಿಂದ ಎರಡು ವರ್ಷ, ಎರಡು ತಿಂಗಳು, ಎರಡು ದಿನ ಅಲ್ಲಿದ್ದನು. ಆ ಕೊಳಕ್ಕೆ ತಳವೇ ಇಲ್ಲವೆಂದು ನಂಬಿದ್ದ ಊರವರ ನಡುವೆ, ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೂರಕ್ಕೂ ಹೆಚ್ಚು ಕಡೆ ಅಳೆದು, ಅತಿ ಆಳ 102 ಅಡಿ ಎಂದು ತೋರಿಸಿದನು. ಇಂದಿನ ಅಳತೆಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಅಷ್ಟಾಗಿ ತಿಳಿಯದ ಸಂಗತಿಯೊಂದಿದೆ: ಆತ ಅಲ್ಲಿಗೆ ಹೋದದ್ದಕ್ಕೆ ಒಂದು ಮುಖ್ಯ ಕಾರಣ, ತೀರಿಹೋದ ಅಣ್ಣನ ಜೊತೆಗಿನ ನದಿಯಾತ್ರೆಯನ್ನು ಪುಸ್ತಕವಾಗಿಸುವುದು. ಆ ಗುಡಿಸಲಿನಲ್ಲಿ ಮೊದಲು ಬರೆದದ್ದು ಏಕಾಂತದ ಪುಸ್ತಕವನ್ನಲ್ಲ, ಜೊತೆಯ ಪುಸ್ತಕವನ್ನು.

ಗುಡಿಸಲಿನಲ್ಲಿದ್ದಾಗಲೇ, 1846ರ ಆಗಸ್ಟ್ 31ರಂದು, ಅಂದರೆ ಅಣ್ಣನೊಡನೆ ದೋಣಿ ಹತ್ತಿ ಸರಿಯಾಗಿ ಏಳು ವರ್ಷಕ್ಕೆ, ಉತ್ತರದ ಮೇನ್ ರಾಜ್ಯದ ಕಾಡಿಗೆ ಹೊರಟನು. ಚಪ್ಪಟೆ ತಳದ ಉದ್ದ ದೋಣಿಯಲ್ಲಿ, ಆ ನೀರನ್ನು ಬಲ್ಲ ಇಬ್ಬರು ನಿವಾಸಿಗಳ ನೆರವಿನಿಂದ, ರಭಸದ ಹೊಳೆಗಳನ್ನು ಏರಿ ಕಟಾಡಿನ್ ಪರ್ವತದ ಬುಡ ಸೇರಿದರು. ಐದು ಸಾವಿರ ಅಡಿಗೂ ಮಿಕ್ಕ ಈ ಬೆಟ್ಟವನ್ನು ಥೋರೋ ಜೊತೆಗಾರರನ್ನು ಹಿಂದೆ ಬಿಟ್ಟು ಏರಿದನು. ಮೇಲೆ ಮೋಡ, ಗಾಳಿ, ಬರಿಯ ಬಂಡೆಗಳು. ತುದಿ ಮುಟ್ಟದೆಯೇ ಇಳಿದನು. ಊರಿನ ಹೊಳೆಯನ್ನು ಬಂಧುವಿನಂತೆ ಕಂಡಿದ್ದವನಿಗೆ ಇಲ್ಲಿಯ ಪ್ರಕೃತಿ ಮನುಷ್ಯನನ್ನು ಲೆಕ್ಕಕ್ಕೇ ಇಡದ ಶಕ್ತಿಯಾಗಿ ಕಂಡಿತು. ತನ್ನ ದೇಹವೂ ತನಗೆ ಅಪರಿಚಿತವೆನಿಸಿದ ಆ ಗಳಿಗೆಯನ್ನು ಬರೆದ ಪುಟಗಳು ಆತನ ಗದ್ಯದಲ್ಲಿಯೇ ಅತ್ಯಂತ ಅಲುಗಾಡಿದ ಪುಟಗಳು.

ನದಿಯ ಪುಸ್ತಕ 1849ರಲ್ಲಿ ಹೊರಬಂದಿತು. ಎರಡು ವಾರಗಳ ಪಯಣವನ್ನು ಏಳು ದಿನಗಳಿಗೆ ಇಳಿಸಿ, ದಿನಕ್ಕೊಂದು ಅಧ್ಯಾಯವೆಂಬ ಚೌಕಟ್ಟು ಕಟ್ಟಲಾಗಿತ್ತು. ಪ್ರವಾಸಕಥನವನ್ನು ಅಭ್ಯಸಿಸುವವರು ಗಮನಿಸಬೇಕಾದ ಮಾತಿದು. ಕಥನದ ಕಾಲ ನಡೆದ ಕಾಲವಲ್ಲ. ಹೊಳೆಯ ಮೀನುಗಳ ನಡುವೆ ಭಗವದ್ಗೀತೆಯ ವಿಚಾರವೂ ಅಲ್ಲಿ ಬರುತ್ತದೆ. ಪುಟಪುಟದಲ್ಲಿಯೂ ಇರುವ ಅಣ್ಣನ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ. ಮುದ್ರಿಸಿದ್ದು ಸಾವಿರ ಪ್ರತಿ, ಲೇಖಕನದೇ ಹೊಣೆಯಲ್ಲಿ. 1853ರಲ್ಲಿ ಪ್ರಕಾಶಕರು ಮಾರಾಟವಾಗದ 706 ಪ್ರತಿಗಳನ್ನು ಹಿಂದಿರುಗಿಸಿದರು. ತನ್ನ ಮನೆಯ ಗ್ರಂಥಭಂಡಾರದ ಬಹುಪಾಲನ್ನು ತಾನೇ ಬರೆದಂತಾಯಿತೆಂದು ಥೋರೋ ನಕ್ಕು, ಮಹಡಿಗೆ ಹೊತ್ತುಹಾಕಿದನು. ಸಾಲವನ್ನು ಮೋಜಣಿ ಕೆಲಸ ಮಾಡಿ, ಪೆನ್ಸಿಲ್ ಮಾರಿ ತೀರಿಸಿದನು.

ಅದೇ ವರ್ಷ ಮೇನ್ ಕಾಡಿಗೆ ಎರಡನೆಯ ಪಯಣ. ಪೆನಾಬ್‌ಸ್ಕಾಟ್ ಬುಡಕಟ್ಟಿನ ಜೋ ಏಟಿಯನ್ ಮಾರ್ಗದರ್ಶಿ. ನಮ್ಮ ಕಡವೆಗಿಂತ ಎಷ್ಟೋ ದೊಡ್ಡದಾದ ಮೂಸ್ ಎಂಬ ಮೃಗದ ಬೇಟೆಗೆ ಜೊತೆಯಾಗಿ ಹೋದ ಥೋರೋ, ಹೊಳೆಯ ದಡದಲ್ಲಿ ಅದರ ಚರ್ಮ ಸುಲಿಯುವುದನ್ನು ಕಂಡು ಖಿನ್ನನಾದನು. ತಾನೂ ಆ ಕೊಲೆಯಲ್ಲಿ ಪಾಲುಗಾರನೆಂಬ ಭಾವ ಆ ಪಯಣದ ಸಂತೋಷವನ್ನೆಲ್ಲ ಕೆಡಿಸಿತು.

ಮೂರನೆಯ ಪಯಣ 1857ರ ಜುಲೈನದು. ಅದೇ ಎಲ್ಲಕ್ಕೂ ಮಿಗಿಲು. ಜೊತೆಗೆ ಬಂದವನು ಎಡ್ವರ್ಡ್ ಹೋರ್, ಹದಿಮೂರು ವರ್ಷಗಳ ಹಿಂದೆ ಆ ಬೆಂಕಿಯಲ್ಲಿ ಪಾಲುಗಾರನಾಗಿದ್ದವನೇ. ಮಾರ್ಗದರ್ಶಿ ಪೆನಾಬ್‌ಸ್ಕಾಟ್‌ನ ಜೋ ಪೋಲಿಸ್. ಈತ ಸ್ವಂತ ಮನೆ, ಜಮೀನುಗಳಿದ್ದ ಗಣ್ಯ. ತನ್ನ ಜನರ ಪ್ರತಿನಿಧಿಯಾಗಿ ವಾಷಿಂಗ್ಟನ್‌ಗೂ ಹೋಗಿಬಂದವನು. ದಿನಕ್ಕೆ ಒಂದೂವರೆ ಡಾಲರ್ ಕೂಲಿ, ದೋಣಿಗೆ ವಾರಕ್ಕೆ ಅರ್ಧ ಡಾಲರ್. ಹೊರಟ ಮೇಲೆ ಇನ್ನೊಂದು ಒಪ್ಪಂದವೂ ಆಯಿತು: ಥೋರೋ ತನಗೆ ತಿಳಿದುದನ್ನೆಲ್ಲ ಹೇಳಬೇಕು, ಪೋಲಿಸ್ ತನಗೆ ತಿಳಿದುದನ್ನೆಲ್ಲ.

ಪೋಲಿಸ್ ತಾನೇ ಮಾಡಿದ ದೋಣಿ ಹದಿನೆಂಟು ಅಡಿಗೂ ತುಸು ಉದ್ದ, ಎರಡೂವರೆ ಅಡಿ ಅಗಲ; ಭೂರ್ಜವೃಕ್ಷದ ತೊಗಟೆಯದು. ಹಸ್ತಪ್ರತಿಶಾಸ್ತ್ರ ಓದಿದವರಿಗೆ ಭೂರ್ಜಪತ್ರ ಪರಿಚಿತ. ಕಾಶ್ಮೀರದಲ್ಲಿ ಗ್ರಂಥ ಬರೆಯಲು ಬಳಸಿದ್ದು ಹಿಮಾಲಯದ ಭೂರ್ಜದ ತೊಗಟೆಯನ್ನು. ಅದರ ಅಮೆರಿಕದ ಸೋದರವೃಕ್ಷದ ತೊಗಟೆಯಲ್ಲಿ ಅಲ್ಲಿಯ ಜನ ದೋಣಿ ಕಟ್ಟಿದರು. ತೊಗಟೆಯನ್ನು ಸ್ಪ್ರೂಸ್ ಮರದ ಸೀಳಿದ ಬೇರುಗಳಿಂದ ಹೊಲಿದು, ಹೊಲಿಗೆಗೆ ರಾಳ ಬಳಿಯುತ್ತಾರೆ. ನೀರು ಒಡೆದು ಜಲಪಾತವಾದಲ್ಲಿ, ಒಂದು ಸರೋವರ ಮುಗಿದು ಇನ್ನೊಂದಕ್ಕೆ ದಾಟಬೇಕಾದಲ್ಲಿ, ಪೋಲಿಸ್ ಅದನ್ನು ಬೋರಲಾಗಿ ತಲೆಯ ಮೇಲೆ ಹೊತ್ತು ಕಾಡಿನಲ್ಲಿ ಒಬ್ಬನೇ ನಡೆಯುತ್ತಿದ್ದನು. ಹುಟ್ಟು ಹಿಡಿಯುವ ಸರಿಯಾದ ರೀತಿಯನ್ನು, ಬಾಲ್ಯದಿಂದ ಹುಟ್ಟು ಹಿಡಿದ ಥೋರೋ ನಲವತ್ತನೆಯ ವಯಸ್ಸಿನಲ್ಲಿ ಆತನಿಂದ ಮತ್ತೆ ಕಲಿತನು.

ಒಂದು ರಾತ್ರಿ ಎಚ್ಚರಗೊಂಡಾಗ ಒಲೆಯ ಬಳಿ ಬೆಳ್ಳನೆಯ ಬೆಳಕಿನ ಉಂಗುರವೊಂದು ಕಂಡಿತು. ಕೊಳೆತ ಮರ ತಾನಾಗಿ ಬೆಳಗುತ್ತಿತ್ತು. ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು, ಬೆಳಗುವ ಕೈಗೆರೆಗಳನ್ನು ನೋಡುತ್ತ ಥೋರೋ ಮಗುವಿನಂತೆ ಹಿಗ್ಗಿದನು. ಪೋಲಿಸ್‌ಗೆ ಅದು ಹೊಸತಲ್ಲ. ಅವನ ಭಾಷೆಯಲ್ಲಿ ಅದಕ್ಕೊಂದು ಹೆಸರೇ ಇತ್ತು. ಇನ್ನೊಮ್ಮೆ, ತನ್ನ ಹೆಜ್ಜೆಗುರುತು ನೋಡಿಕೊಂಡು ಬನ್ನಿರೆಂದು ಹೇಳಿ ಪೋಲಿಸ್ ದೋಣಿ ಹೊತ್ತು ಮುಂದೆ ಹೋದನು. ಹಿಂದೆ ಬಂದ ಹಾರ್ವರ್ಡ್ ಪದವೀಧರರಿಬ್ಬರೂ ದಾರಿ ತಪ್ಪಿ ಜೌಗಿನಲ್ಲಿ ಮೊಣಕಾಲುದ್ದ ಹೂತು ತೊಳಲಿದರು. ಹುಡುಕಿಕೊಂಡು ಬಂದ ಪೋಲಿಸ್‌ಗೆ ತಿಳಿಯದೆ ಹೋದದ್ದು ಒಂದೇ: ಅಷ್ಟು ಸ್ಪಷ್ಟವಾಗಿದ್ದ ಹೆಜ್ಜೆಗಳನ್ನು ಇವರು ಹೇಗೆ ಓದಲಾರದೆ ಹೋದರು?

ವೆಬ್‌ಸ್ಟರ್ ಹೊಳೆಯ ರಭಸದಲ್ಲಿ ಪೋಲಿಸ್ ಒಬ್ಬನೇ ದೋಣಿ ಇಳಿಸುತ್ತಿದ್ದಾಗ, ದಡದಲ್ಲಿ ನಡೆಯುತ್ತಿದ್ದ ಹೋರ್ ಕಣ್ಮರೆಯಾದನು. ಆತನಿಗೆ ದೂರದೃಷ್ಟಿ ಮಂದ, ಕಾಲುಗಳು ಹುಣ್ಣಾಗಿದ್ದವು. ಥೋರೋ ಕೂಗಿ ಕೂಗಿ ಕತ್ತಲಾಗುವವರೆಗೆ ಬಂಡೆಗಳ ನಡುವೆ ಹುಡುಕಿದನು. ಆ ರಾತ್ರಿ, ಗೆಳೆಯನು ಬದುಕಿಲ್ಲದಿದ್ದರೆ ಅವನ ಮನೆಯವರಿಗೆ ಏನು ಹೇಳುವುದೆಂಬ ಚಿಂತೆ ಆತನನ್ನು ಹಿಂಡಿತು. ಹದಿನೈದು ವರ್ಷಗಳ ಹಿಂದೆ ಒಬ್ಬ ಜೊತೆಗಾರನನ್ನು ಕಳೆದುಕೊಂಡವನಿಗೆ ಆ ಕತ್ತಲು ಎಷ್ಟು ಉದ್ದವಿದ್ದಿರಬೇಕೆಂಬುದನ್ನು ಓದುಗರೇ ಊಹಿಸಬಹುದು. ಬೆಳಿಗ್ಗೆ ಹೊಳೆಯ ಕೆಳಗಡೆ ಹೋರ್ ಪೈಪು ಸೇದುತ್ತ ಕುಳಿತಿದ್ದನು.

ಹಿಂದಿನ ಎರಡು ಪಯಣಗಳ ಕಥನಗಳನ್ನು ಥೋರೋ ಪತ್ರಿಕೆಗಳಲ್ಲಿ ಪ್ರಕಟಿಸಿದನು. ಮೂರನೆಯದನ್ನು ಬದುಕಿರುವಷ್ಟು ದಿನ ಪ್ರಕಟಿಸಲಿಲ್ಲ. ಪೋಲಿಸ್ ಆಡಿದ ಮಾತುಗಳನ್ನು ಇದ್ದಂತೆಯೇ ದಾಖಲಿಸಿದ್ದನು. ಪೋಲಿಸ್ ಓದು ಬಲ್ಲವನು. ಅಚ್ಚಾದರೆ ಅದು ಅವನ ಕಣ್ಣಿಗೆ ಬೀಳುವುದು ಖಚಿತ, ಬಳಿಕ ಅವನ ಮುಖವನ್ನು ನೋಡಲಾಗದೆಂದು ಸಂಪಾದಕರಿಗೆ ತಿಳಿಸಿದನು. ಮೂಲನಿವಾಸಿಗಳನ್ನು ಕುರಿತು ಮನಬಂದಂತೆ ಬರೆಯುತ್ತಿದ್ದ ಆ ಕಾಲದಲ್ಲಿ ಇಂಥ ಸಂಕೋಚ ಅಪರೂಪ. ಥೋರೋನ ಬರಹದಲ್ಲಿಯೂ ಆ ಕಾಲದ ಪೂರ್ವಗ್ರಹಗಳು ಇಲ್ಲವೆಂದಲ್ಲ. ಆದರೆ ಪೋಲಿಸ್ ಅವುಗಳಲ್ಲಿ ಕೆಲವನ್ನಾದರೂ ಅಳಿಸಿದನು.

1860ರ ಡಿಸೆಂಬರಿನಲ್ಲಿ, ಕಡಿದ ಮರಗಳ ಬೊಡ್ಡೆಗಳ ಮೇಲಿನ ವಯಸ್ಸಿನ ಉಂಗುರಗಳನ್ನು ಚಳಿಯಲ್ಲಿ ಎಣಿಸುತ್ತಿದ್ದಾಗ ಹಿಡಿದ ನೆಗಡಿ, ಒಳಗೆ ಅಡಗಿದ್ದ ಕ್ಷಯವನ್ನು ಎಬ್ಬಿಸಿತು. ಮರುವರ್ಷ ಹವೆ ಬದಲಾವಣೆಗೆಂದು ಮಿನೆಸೋಟಕ್ಕೆ ಮಾಡಿದ ಪ್ರಯಾಣದಿಂದ ಗುಣವಾಗಲಿಲ್ಲ. ಕೊನೆಯ ತಿಂಗಳುಗಳಲ್ಲಿ ಹಾಸಿಗೆಯಲ್ಲಿಯೇ ಮೇನ್ ಕಾಡಿನ ಬರಹಗಳನ್ನು ತಿದ್ದಿದನು. ಕೈ ಸೋತಾಗ ತಂಗಿ ಸೋಫಿಯಾ ಬರೆದುಕೊಂಡಳು. ಅವು 1864ರಲ್ಲಿ ಪುಸ್ತಕವಾದವು. ಅದರ ಅನುಬಂಧದಲ್ಲಿ ಕಾಡಿಗೆ ಹೋಗುವವರು ಒಯ್ಯಬೇಕಾದ ಸಾಮಗ್ರಿಗಳ ಪಟ್ಟಿಯಿದೆ. ಸೂಜಿದಾರವೂ ಇರುವ ಆ ಪಟ್ಟಿಯಲ್ಲಿ ಪೆನ್ಸಿಲ್ ಇಲ್ಲ. ಪೆನ್ಸಿಲ್ ತಯಾರಕನ ಮಗನಿಗೆ ಅದು ಕಿಸೆಯಲ್ಲಿ ಇದ್ದೇ ಇರುವ ವಸ್ತುವಾಗಿತ್ತೇನೋ.

1862ರ ಮೇ 6ರ ಬೆಳಿಗ್ಗೆ ಸೋಫಿಯಾ ಅಣ್ಣನಿಗೆ ಅವನ ಮೊದಲ ಪುಸ್ತಕದ ಕೊನೆಯ ಅಧ್ಯಾಯವನ್ನು ಓದಿ ಹೇಳುತ್ತಿದ್ದಳು. ಗಾಳಿ ಬೆನ್ನಿಗಿದ್ದ ಆ ಶುಕ್ರವಾರದ ಪುಟಗಳವು. ಇಬ್ಬರು ಸೋದರರು ಹಾಯಿ ಬಿಚ್ಚಿ ಮನೆಯ ಕಡೆ ತೇಲುತ್ತಿದ್ದರು. ನ್ಯಾಷುವಾ ಹೊಳೆ ಕೂಡುವ ಜಾಗವನ್ನು ದಾಟುವ ಭಾಗ ಬಂದಾಗ, ಮುಂದಿನ ಹಾದಿ ಸುಗಮವೆಂಬಂತೆ ಥೋರೋ ಏನೋ ಮೆಲ್ಲನೆ ನುಡಿದನು. ಬಳಿಕ ಸ್ಪಷ್ಟವಾಗಿ ಕೇಳಿಸಿದ ಮಾತುಗಳು ಎರಡೇ, ಮೂಸ್ ಮತ್ತು ಇಂಡಿಯನ್. ಒಂಬತ್ತು ಗಂಟೆಯ ಹೊತ್ತಿಗೆ ಉಸಿರು ನಿಂತಿತು. ಆಗ ಆತನಿಗೆ ನಲವತ್ತನಾಲ್ಕು ವರ್ಷ.