ಹಳ್ಳಿ ಚರ್ಚಿನ ಮನೆಯಿಂದ ಬಂದ ಕಿಟೆಲ್

ಕನ್ನಡದ ಮೊದಲ ನಿಘಂಟು ಬರೆದವರು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ನಾವೆಲ್ಲ ಬಜರ್ ಒತ್ತಿ ಹೇಳೋ ಹೆಸರು ಒಂದೇ, ಕಿಟೆಲ್. ಪಾಯಿಂಟ್ ಬರುತ್ತೆ, ಮುಂದಿನ ಪ್ರಶ್ನೆಗೆ ಹೋಗ್ತೀವಿ. ಆದ್ರೆ ಉತ್ತರ ಪೂರ್ತಿ ಸರಿಯಿಲ್ಲ. ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲೇ ಮದರಾಸಿನಲ್ಲಿ ಅಚ್ಚಾಗಿತ್ತು. ಆ ವರ್ಷ ಕಿಟೆಲ್ ಇನ್ನೂ ತೊಟ್ಟಿಲ ಕೂಸು. ಹಾಗಾದ್ರೆ ಎಂ.ಜಿ. ರೋಡಿನ ಮೇಯೋ ಹಾಲ್ ಹತ್ತಿರ ಪ್ರತಿಮೆ ಇರೋದು, ಆಸ್ಟಿನ್ ಟೌನಿಗೆ ಕಿಟೆಲ್ ನಗರ ಅನ್ನೋ ಹೆಸರು ಬಂದದ್ದು, ಧಾರವಾಡದ ಕಾಲೇಜಿಗೆ ಕಿಟೆಲ್ ಹೆಸರಿರೋದು ಯಾಕೆ? ಮೊದಲು ಬರೆದರು ಅಂತಲ್ಲ. ಅವರು ಬಂದದ್ದು ಒಂದು ಕೆಲಸಕ್ಕೆ, ಜೀವ ಸವೆಸಿದ್ದು ಇನ್ನೊಂದು ಕೆಲಸಕ್ಕೆ. ಆ ಕಥೆ ಇಲ್ಲಿದೆ.

ಸಮುದ್ರದ ಪಕ್ಕದ ಹಳ್ಳಿ

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ರೆಸ್ಟರ್‌ಹಾಫೆ ಅನ್ನೋ ಹಳ್ಳಿಯಲ್ಲಿ. ಇದು ಇವತ್ತಿನ ಜರ್ಮನಿಯ ವಾಯವ್ಯ ಮೂಲೆಯ ಈಸ್ಟ್ ಫ್ರೀಸಿಯಾ ಪ್ರದೇಶದಲ್ಲಿ, ಉತ್ತರ ಸಮುದ್ರದ ಹತ್ತಿರ ಇದೆ. ಈಗ ಡೊರ್ನುಮ್ ಅನ್ನೋ ಗ್ರಾಮೀಣ ಪುರಸಭೆಗೆ ಸೇರಿದೆ. ಆಗ ಜರ್ಮನಿ ಅನ್ನೋ ಒಂದೇ ದೇಶ ಇರಲಿಲ್ಲ, ಆ ಭಾಗ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ತಂದೆ ಅದೇ ಹಳ್ಳಿ ಚರ್ಚಿನ ಪಾದ್ರಿ.

ಆ ಕಡೆಯ ಹಳ್ಳಿ ಚರ್ಚುಗಳ ಬಗ್ಗೆ ಸಿವಿಲ್‌ನವರು ಒಂದು ನಿಮಿಷ ನಿಂತು ಓದಬೇಕು. ಅಲ್ಲಿ ನೆಲ ಪೂರಾ ಚಪ್ಪಟೆ, ಸಮುದ್ರದ ಮಟ್ಟಕ್ಕೆ ಸಮ. ಬಿರುಗಾಳಿಗೆ ಸಮುದ್ರ ಉಕ್ಕಿದ್ರೆ ಊರಿಗೆ ಊರೇ ಮುಳುಗುತ್ತಿತ್ತು. 1717ರ ಕ್ರಿಸ್‌ಮಸ್ ರಾತ್ರಿ ಬಂದ ಪ್ರವಾಹದಲ್ಲಿ ಆ ಕರಾವಳಿಯುದ್ದಕ್ಕೂ ಸಾವಿರಾರು ಜನ ಸತ್ತರು. ಅದಕ್ಕೆ ಜನ ನೂರಾರು ವರ್ಷ ಮೊದಲೇ ಮಣ್ಣು ಹಾಕಿ ಎತ್ತರದ ದಿಬ್ಬ ಮಾಡಿ, ಅದರ ಮೇಲೆ ಚರ್ಚ್ ಕಟ್ಟುತ್ತಿದ್ರು. ನೀರು ಬಂದ್ರೆ ಊರಿನವರು ಓಡಿ ಬರ್ತಿದ್ದದ್ದೂ ಅದೇ ದಿಬ್ಬಕ್ಕೆ. ಅಲ್ಲಿ ಕಟ್ಟಡಕ್ಕೆ ಬೇಕಾದ ಕಲ್ಲು ಸಿಗೋದು ಕಷ್ಟ, ಜೇಡಿಮಣ್ಣಿಗೆ ಬರ ಇಲ್ಲ. ಹಾಗಾಗಿ ಹೆಚ್ಚಿನವು ಸುಟ್ಟ ಇಟ್ಟಿಗೆಯ ದಪ್ಪ ಗೋಡೆಯ ಕಟ್ಟಡಗಳು. ಗಂಟೆ ಗೋಪುರ ಬಹಳ ಕಡೆ ಚರ್ಚಿಗೆ ಅಂಟಿಕೊಂಡಿರೋದಿಲ್ಲ, ಪಕ್ಕದಲ್ಲಿ ಬೇರೆಯಾಗಿ ನಿಂತಿರುತ್ತೆ. ಮೆತ್ತನೆ ನೆಲದಲ್ಲಿ ಭಾರದ ಗೋಪುರ ಒಂದು ಕಡೆ ಕುಸಿದ್ರೆ ಚರ್ಚಿನ ಗೋಡೆಯನ್ನೂ ಸೀಳಿಬಿಡುತ್ತೆ, ಅದಕ್ಕೆ. ನಾವು ಫೌಂಡೇಶನ್ ಪಾಠದಲ್ಲಿ ಸೆಟಲ್‌ಮೆಂಟ್ ಅಂತ ಓದೋದನ್ನ ಅವರು ನೋಡಿ ನೋಡಿ ಕಲಿತಿದ್ರು. ಹೊರಗಿನಿಂದ ಸಾದಾ ಕಾಣೋ ಈ ಚರ್ಚುಗಳ ಒಳಗೆ ಹಳೇ ಆರ್ಗನ್‌ಗಳಿವೆ. ಡೊರ್ನುಮ್ ಚರ್ಚಿನ ಆರ್ಗನ್ ಮುನ್ನೂರು ವರ್ಷ ದಾಟಿದ್ದು.

ಇನ್ನೊಂದು ವಿಷಯ. ಆ ಭಾಗದ ಜನ ಮನೆಯಲ್ಲಿ, ಹೊಲದಲ್ಲಿ ಆಡುತ್ತಿದ್ದದ್ದು ಕೆಳ ಜರ್ಮನ್ ಅನ್ನೋ ಆಡುನುಡಿ. ಶಾಲೆಯಲ್ಲಿ, ಚರ್ಚಿನ ಪ್ರಸಂಗದಲ್ಲಿ ಪುಸ್ತಕದ ಜರ್ಮನ್. ಮನೆ ಮಾತು ಒಂದು, ಓದೋ ಭಾಷೆ ಇನ್ನೊಂದು ಅನ್ನೋದು ನಮ್ಮಲ್ಲಿ ಎಷ್ಟೋ ಜನರಿಗೆ ವಿವರಿಸಬೇಕಾಗಿಲ್ಲ. ಇಂಥ ಊರಲ್ಲಿ ಬೆಳೆದ ಹುಡುಗ ಹದಿಹರೆಯದಲ್ಲೇ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಕಲಿತಿದ್ದ.

ಬಾಸೆಲ್‌ನಿಂದ ಧಾರವಾಡಕ್ಕೆ

ಹದಿನೆಂಟರ ಆಸುಪಾಸಿನಲ್ಲಿ, ಅಂದ್ರೆ ನಮ್ಮ ಫಸ್ಟ್ ಇಯರ್ ವಯಸ್ಸಲ್ಲಿ, ಕಿಟೆಲ್ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಸೇರಿದ್ರು. 1853ರಲ್ಲಿ ತರಬೇತಿ ಮುಗಿಸಿ ಭಾರತಕ್ಕೆ ಬಂದಾಗ 21 ವರ್ಷ.

ಆ ಹೊತ್ತಿಗೆ ಬಾಸೆಲ್ ಮಿಷನ್ ನಮ್ಮ ಕಡೆ ಬಂದು 19 ವರ್ಷ ಆಗಿತ್ತು. 1834ರಲ್ಲಿ ಮಂಗಳೂರಿನಲ್ಲಿ ಶುರುವಾಗಿ ಧಾರವಾಡ, ಹುಬ್ಬಳ್ಳಿ ಕಡೆಗೆ ಹಬ್ಬಿತ್ತು. 1841ರಲ್ಲಿ ಮಂಗಳೂರಲ್ಲಿ ಅಚ್ಚುಕೂಟ ಬಂತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದ್ರು. ಧಾರವಾಡದ ಹೆಬಿಕ್ ಸ್ಮಾರಕ ಚರ್ಚ್, ಮಂಗಳೂರು ಬಲ್ಮಠದ ಶಾಂತಿ ಚರ್ಚ್ ಎಲ್ಲ ಈ ಮಿಷನ್ನಿನ ಪರಂಪರೆಯವು, ಇವತ್ತು ಸಿ.ಎಸ್.ಐ. ಸಭೆಗೆ ಸೇರಿವೆ. ಆರಾಧನೆ ಕನ್ನಡದಲ್ಲಿ. ಮಂಗಳೂರು ಹೆಂಚು ಅಂತೀವಲ್ಲ, ಅದರ ಮೊದಲ ಕಾರ್ಖಾನೆಯನ್ನ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತೆರೆದದ್ದೂ ಇದೇ ಮಿಷನ್. ಕೆಲಸ ಇಲ್ಲದವರಿಗೆ ಕೆಲಸ ಕೊಡಬೇಕಿತ್ತು, ನದಿ ದಂಡೆಯಲ್ಲಿ ಒಳ್ಳೇ ಜೇಡಿಮಣ್ಣಿತ್ತು.

ಇದರ ಉದ್ದೇಶ ಏನು ಅನ್ನೋದನ್ನ ಮುಚ್ಚಿಡೋದು ಬೇಡ. ಬಾಸೆಲ್ ಮಿಷನ್ ಜನರನ್ನ ಕಳಿಸಿದ್ದು ಮತ ಪ್ರಚಾರಕ್ಕೆ. ಶಾಲೆ, ಪ್ರೆಸ್, ಹೆಂಚು ಎಲ್ಲ ಅದರ ಸುತ್ತ ಬೆಳೆದದ್ದು. ಕಿಟೆಲ್ ಕೂಡ ಬಂದದ್ದು ಪ್ರಚಾರಕರಾಗಿಯೇ. ಮಿಷನ್‌ಗೆ ಲೆಕ್ಕ ಬೇಕಿದ್ದದ್ದು ಸಭೆಗೆ ಎಷ್ಟು ಜನ ಸೇರಿದ್ರು ಅನ್ನೋದು.

ಈ ಲೆಕ್ಕದಲ್ಲಿ ಕಿಟೆಲ್ ಯಾವತ್ತೂ ಮುಂದೆ ಬರಲಿಲ್ಲ. ಇಲ್ಲಿನ ಜನರ ಜೊತೆ ಬೆರೆಯಬೇಕಾದ್ರೆ ಅವರ ಭಾಷೆ, ಅವರ ಗ್ರಂಥ ಸರಿಯಾಗಿ ಕಲಿಯಬೇಕು ಅಂತ ಹಠ ಹಿಡಿದು ಓದೋಕೆ ಕೂತ್ರು. ಕನ್ನಡ ಸಾಲದು ಅಂತ ಸಂಸ್ಕೃತವನ್ನೂ ಹಚ್ಚಿಕೊಂಡ್ರು. ಜೊತೆಯ ಮಿಷನರಿಗಳಿಗೂ ಅವರಿಗೂ ಮೊದಲ ವರ್ಷಗಳಲ್ಲೇ ಸರಿಹೋಗಲಿಲ್ಲ. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಊರು ಬದಲಾಯಿತು, ಓದು ಬದಲಾಗಲಿಲ್ಲ.

1862ರಲ್ಲಿ ಅವರ ಕಥಾಮಾಲೆ ಬಂತು. ಯೇಸುವಿನ ಕಥೆಯನ್ನ ಜರ್ಮನ್ ರಾಗದ ಹಾಡಾಗಿ ಕನ್ನಡಕ್ಕೆ ಇಳಿಸೋದು ಬಿಟ್ಟು, ನಮ್ಮ ಛಂದಸ್ಸಿನಲ್ಲೇ ಪದ್ಯವಾಗಿ ಬರೆದರು. ಊರಲ್ಲಿ ಭಾರತ, ರಾಮಾಯಣ ಓದೋ ಹಾಗೆ ಇದನ್ನೂ ಓದಬೇಕು ಅನ್ನೋದು ಯೋಚನೆ. ಆಮೇಲೆ ಛಂದಸ್ಸಿನ ನಿಯಮ ಹುಡುಕುತ್ತಾ ನಾಗವರ್ಮನ ಛಂದೋಂಬುಧಿಗೆ, ವ್ಯಾಕರಣ ಹುಡುಕುತ್ತಾ ಕೇಶಿರಾಜನ ಶಬ್ದಮಣಿದರ್ಪಣಕ್ಕೆ ಹೋದರು. ಮೊದಲನೆಯದು ಸುಮಾರು 10ನೇ ಶತಮಾನದ್ದು, ಎರಡನೆಯದು 13ನೇ ಶತಮಾನದ್ದು. ಓಲೆಗರಿ ಪ್ರತಿಗಳನ್ನ ಹೋಲಿಸಿ ಪಾಠ ನೋಡಿ 1872ರಲ್ಲಿ ಶಬ್ದಮಣಿದರ್ಪಣವನ್ನ, 1875ರಲ್ಲಿ ಛಂದೋಂಬುಧಿಯನ್ನ ಅಚ್ಚು ಹಾಕಿಸಿದ್ರು. ಈ ಎರಡು ಪುಸ್ತಕದಿಂದ ಚರ್ಚಿಗೆ ಒಬ್ಬರೂ ಹೆಚ್ಚಾಗಿ ಬರೋದಿಲ್ಲ ಅನ್ನೋದು ಅವರಿಗೂ ಗೊತ್ತಿತ್ತು, ಮಿಷನ್‌ಗೂ ಗೊತ್ತಿತ್ತು.

ಮನೆಯಲ್ಲಿ ಕಷ್ಟ ಬೇರೆ. ಮೊದಲ ಹೆಂಡತಿ ಪೌಲೀನ್ 1864ರಲ್ಲಿ ಚಿಕ್ಕ ಮಕ್ಕಳನ್ನ ಬಿಟ್ಟು ತೀರಿಕೊಂಡರು. ಮುಂದೆ ಪೌಲೀನ್‌ರ ಒಡಹುಟ್ಟಿದ ಯೂಲಿಯನ್ನ ಮದುವೆಯಾದರು.

ದಿನಕ್ಕೆ ಹತ್ತು ಪದ

ಈಗ ನಿಘಂಟಿಗೆ ಬರೋಣ. ರೀವ್ ಅವರ ಪುಸ್ತಕ ಇತ್ತು, 1858ರಲ್ಲಿ ಸ್ಯಾಂಡರ್ಸನ್ ಅವರು ಅದನ್ನ ಪರಿಷ್ಕರಿಸಿ ಬೆಂಗಳೂರಲ್ಲಿ ಅಚ್ಚು ಮಾಡಿಸಿದ್ದೂ ಇತ್ತು. ಕಿಟೆಲ್‌ಗೆ ಅದು ಸಾಲಲಿಲ್ಲ. ಪದಕ್ಕೆ ಅರ್ಥ ಕೊಟ್ಟರೆ ಆಗಲಿಲ್ಲ, ಆ ಪದ ಎಲ್ಲಿಂದ ಬಂತು, ಯಾರು ಬಳಸಿದ್ರು, ಯಾವ ಸೀಮೆಯಲ್ಲಿ ಈಗಲೂ ಆಡ್ತಾರೆ ಅನ್ನೋದೆಲ್ಲ ಬೇಕು ಅಂತ ಹೊರಟರು.

ಈ ಕೆಲಸಕ್ಕೆ ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. 1877ರಲ್ಲಿ ಜರ್ಮನಿಗೆ ಹೋದರೂ ಕೆಲಸ ಬಿಡಲಿಲ್ಲ, 1883ರಲ್ಲಿ ಮತ್ತೆ ಬಂದರು. 50 ದಾಟಿದ ಮೇಲೆ ಹಡಗು ಹತ್ತಿ ವಾಪಸ್ ಬಂದದ್ದು ಮುಖ್ಯವಾಗಿ ಈ ನಿಘಂಟಿಗಾಗಿ. ಕೊನೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. 20 ವರ್ಷ ಅಂತ ಲೆಕ್ಕ ಹಾಕಿದ್ರೆ ದಿನಕ್ಕೆ ಸುಮಾರು 10 ಪದ, ಭಾನುವಾರವೂ ರಜೆ ಇಲ್ಲದೆ. ಸರ್ಚ್ ಇಲ್ಲ, ಸಾರ್ಟ್ ಇಲ್ಲ, ಕಾಪಿ-ಪೇಸ್ಟ್ ಇಲ್ಲ. ಎಲ್ಲ ಕೈಬರಹ.

ಒಳಗೆ ಹೇಗಿದೆ ಅಂತ ನೋಡಿದ್ರೆ ನಮ್ಮ ಡೇಟಾಬೇಸ್ ಕ್ಲಾಸ್ ನೆನಪಾಗುತ್ತೆ. ಒಂದು ಪದ ಕೊಟ್ಟು, ಅದು ಸಂಸ್ಕೃತದ್ದೋ ಕನ್ನಡದ್ದೋ ಅಂತ ಗುರುತು. ಕನ್ನಡದ್ದಾದ್ರೆ ತಮಿಳು, ತೆಲುಗು, ಮಲಯಾಳ, ತುಳುವಿನ ನೆಂಟರು. ಕಣ್ಣು ಅನ್ನೋ ಪದಕ್ಕೆ ತಮಿಳು, ಮಲಯಾಳದ ಕಣ್, ತೆಲುಗಿನ ಕನ್ನು ಹೇಗೆ ಸಂಬಂಧ ಅಂತ ನಮಗೆ ಈಗ ಸುಲಭವಾಗಿ ಹೊಳೆಯುತ್ತೆ. ಅಂಥ ಸಾವಿರಾರು ಪದಗಳ ವಂಶಾವಳಿ ಅಲ್ಲಿದೆ. ಆಮೇಲೆ ಹಳೇ ಕಾವ್ಯದಲ್ಲಿ ಎಲ್ಲಿ ಬಂದಿದೆ ಅನ್ನೋ ಸೂಚನೆ. ಮೈಸೂರು ಸೀಮೆಯ ಮಾತಿಗೆ ಒಂದು ಗುರುತು, ದಕ್ಷಿಣ ಮರಾಠಾ ಸೀಮೆ ಅಂದ್ರೆ ಧಾರವಾಡದ ಕಡೆ ಮಾತಿಗೆ ಇನ್ನೊಂದು. ಗಾದೆಗಳಂತೂ ರಾಶಿ ರಾಶಿ. ಗಾದೆ ಪುಸ್ತಕದಲ್ಲಿ ಹುಟ್ಟೋದಿಲ್ಲ, ಜನರ ಬಾಯಲ್ಲಿ ಇರುತ್ತೆ. ಪಂಡಿತರ ಜೊತೆ ಕೂತು ಓಲೆಗರಿ ಓದಿದ ಹಾಗೇ, ಹಳ್ಳಿಯವರ ಮಾತಿಗೂ ಕಿವಿ ಕೊಟ್ಟಿದ್ದಕ್ಕೆ ಇದೇ ಸಾಕ್ಷಿ. ಇದು ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ಲ. ಊರಿನ ಪಂಡಿತರು, ಸಹಾಯಕರು ವರ್ಷಗಟ್ಟಲೆ ಜೊತೆಗಿದ್ರು. ಮುಖಪುಟದಲ್ಲಿ ಹೆಸರು ಒಂದೇ ಇದ್ರೂ ಅದರ ಹಿಂದೆ ಅವರೆಲ್ಲ ಇದ್ದಾರೆ.

ಕನ್ನಡ ಕೈಬಿಟ್ಟಿದ್ದ ಎರಡು ಅಕ್ಷರ, ಱ ಮತ್ತು ೞ, ಹಳಗನ್ನಡ ಪದಗಳಿಗೆ ಬೇಕೇ ಬೇಕು ಅಂತ ಅವನ್ನೂ ನಿಘಂಟಿನಲ್ಲಿ ಇಟ್ಟರು. ಅಚ್ಚಿನ ಮೊಳೆ ಇಲ್ಲದೆ ಅದು ಆಗೋದಿಲ್ಲ. ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು ವಿಷಯ: ಯೂನಿಕೋಡಿನಲ್ಲೂ ಈ ಎರಡು ಅಕ್ಷರ ಇವೆ, ಆದ್ರೆ ೞ ಅಕ್ಷರಕ್ಕೆ ಫ ಅಂತ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದು ಅನ್ನೋ ನಿಯಮದಿಂದ ಹಾಗೇ ಉಳಿದಿದೆ. ಕಿಟೆಲ್ ಪುಸ್ತಕದಲ್ಲಿ ಆ ಅಕ್ಷರ 1894ರಲ್ಲೇ ತನ್ನ ಸರಿಯಾದ ಜಾಗದಲ್ಲಿತ್ತು.

ಕೊನೆಯ ವರ್ಷಗಳು

ಪುಸ್ತಕ ಹೊರಬಂದಾಗ ಕಿಟೆಲ್ ಇಲ್ಲಿ ಇರಲಿಲ್ಲ. 1892ರಲ್ಲೇ ಜರ್ಮನಿಗೆ ಹೋಗಿ, ಟ್ಯೂಬಿಂಗನ್ ಊರಲ್ಲಿ ನೆಲೆಸಿದ್ರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಆಗ 64 ವರ್ಷ. ಅಷ್ಟಕ್ಕೇ ನಿಲ್ಲದೆ, ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣ ಬರೆದರು. ಅದು 1903ರಲ್ಲಿ ಮಂಗಳೂರಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, 71ನೇ ವಯಸ್ಸಿನಲ್ಲಿ, ಟ್ಯೂಬಿಂಗನ್‌ನಲ್ಲೇ ತೀರಿಕೊಂಡರು.

ಬಾಸೆಲ್ ಮಿಷನ್ನಿನಿಂದ ಬಂದ ನಿಘಂಟು ಇದೊಂದೇ ಅಲ್ಲ. ಹರ್ಮನ್ ಗುಂಡರ್ಟ್ ಅವರ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ ಬಂದಿದ್ದವು. ಗುಂಡರ್ಟ್ ಅಂದ್ರೆ ಸಿದ್ಧಾರ್ಥ ಕಾದಂಬರಿ ಬರೆದ ಹರ್ಮನ್ ಹೆಸ್ಸೆಯ ತಾತ. ಕಿಟೆಲ್ ನಿಘಂಟನ್ನ ಮುಂದೆ ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಹಿಗ್ಗಿಸಿದ್ರು, ಅದನ್ನ ಮದರಾಸು ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ದೊಡ್ಡ ನಿಘಂಟು ಬಂದ ಮೇಲೂ ಕಿಟೆಲ್ ಪುಸ್ತಕ ಮೂಲೆಗೆ ಬೀಳಲಿಲ್ಲ.

ನಮಗೆ ಯಾಕೆ ಬೇಕು

ನಮ್ಮ ಕಾಲೇಜಿನ ಸುತ್ತ ದೊಡ್ಡಬಳ್ಳಾಪುರದ ಕಡೆ ಹೋದ್ರೆ ಮಗ್ಗದ ಸದ್ದು ಕೇಳುತ್ತೆ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ರಾಗಿ ಹೊಲ ಇನ್ನೂ ಇದೆ. ಮಗ್ಗ, ಕೂರಿಗೆ, ಕುಂಟೆ, ಕಣ. ನನ್ನಂಥ ಇಂಗ್ಲಿಷ್ ಮೀಡಿಯಂನವರಿಗೆ ಇದರಲ್ಲಿ ಎಷ್ಟು ಪದ ಗೊತ್ತು? ಸೀಡ್ ಡ್ರಿಲ್ ಅಂದ್ರೆ ಮೆಕ್ಯಾನಿಕಲ್‌ನವರು ಚಿತ್ರ ಬರೆದು ತೋರಿಸ್ತಾರೆ, ಕೂರಿಗೆ ಅಂದ್ರೆ ಮುಖ ನೋಡ್ತಾರೆ. ಎರಡೂ ಬಿತ್ತನೆ ಸಾಲಿಗೆ ಬೀಜ ಬಿಡೋ ಸಾಧನವೇ. ಈ ಪದಗಳೆಲ್ಲ ಕಿಟೆಲ್ ನಿಘಂಟಿನಲ್ಲಿವೆ, ಇಂಗ್ಲಿಷ್ ಅರ್ಥದ ಸಮೇತ. ನಮ್ಮ ಅಜ್ಜಿ ತಾತ ಸಲೀಸಾಗಿ ಆಡಿದ ಮಾತನ್ನ ನಾವು ಇಂಗ್ಲಿಷಿನ ಮೂಲಕ ವಾಪಸ್ ಕಲಿಯೋ ಹಾಗಾಗಿದೆ. ಇದಕ್ಕೆ ನಗಬೇಕೋ ನಾಚಬೇಕೋ ಗೊತ್ತಿಲ್ಲ, ಕಲಿಯೋಕೆ ದಾರಿ ಒಂದು ಇದೆಯಲ್ಲ ಅನ್ನೋದು ಸಮಾಧಾನ.

ಕಿಟೆಲ್ ಅವರ ನಂಬಿಕೆಯನ್ನ ಒಪ್ಪದವರು ಆಗಲೂ ಇದ್ರು, ಈಗಲೂ ಇದ್ದಾರೆ. ಆದ್ರೆ ಆ ನಿಘಂಟು ತೆರೆಯೋಕೆ ಯಾರೂ ಯಾವ ಸಭೆಗೂ ಸೇರಬೇಕಾಗಿಲ್ಲ. ಮಠದ ಪಂಡಿತರೂ ತೆರೆದರು, ಕೋರ್ಟಿನ ಗುಮಾಸ್ತರೂ ತೆರೆದರು, ಕವಿಗಳೂ ತೆರೆದರು. ಅವರ ಊರಿನ ಜನ ಚರ್ಚನ್ನ ಎತ್ತರದ ದಿಬ್ಬದ ಮೇಲೆ ಕಟ್ಟಿದ್ದು ನೀರು ಬಂದಾಗ ಎಲ್ಲರಿಗೂ ನಿಲ್ಲೋಕೆ ಜಾಗ ಇರಲಿ ಅಂತಲೂ ಹೌದು. ಅವರ ಪುಸ್ತಕವೂ ಕನ್ನಡದ ಪದಗಳಿಗೆ ಅಂಥ ಒಂದು ದಿಬ್ಬ ಆಯಿತು.

ಸ್ಕ್ಯಾನ್ ಆದ ಪ್ರತಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಹಿರಿಯರು ಆಡೋ, ನಿಮಗೆ ಗೊತ್ತಿಲ್ಲದ ಐದು ಪದ ಬರೆದುಕೊಂಡು ಅದರಲ್ಲಿ ಹುಡುಕಿ ನೋಡಿ. ಸಿಗದೇ ಇರೋ ಪದ ಇದ್ರೆ ನಮ್ಮ ಕನ್ನಡ ಸಂಘಕ್ಕೆ ತಂದು ಕೊಡಿ, ಮುಂದಿನ ಸಂಚಿಕೆಯಲ್ಲಿ ಒಂದು ಪಟ್ಟಿ ಮಾಡೋಣ.