ಯಂತ್ರಕ್ಕೆ ಕೈಪಿಡಿ ಬರೆದ ಗಣಿತಜ್ಞ ಅಲನ್ ಟ್ಯೂರಿಂಗ್

ಗಣಕಯಂತ್ರದ ಇತಿಹಾಸದಲ್ಲಿ ಅಗ್ರಗಣ್ಯರೆನಿಸಿದ ಅಲನ್ ಮ್ಯಾಥಿಸನ್ ಟ್ಯೂರಿಂಗ್ ಅವರು 1912ನೆಯ ಇಸವಿ ಜೂನ್ 23ರಂದು ಲಂಡನ್ ನಗರದಲ್ಲಿ ಜನಿಸಿದರು. ಹುಟ್ಟಿದ್ದು ಅಲ್ಲಿಯಾದರೂ ಅವರ ಮನೆತನಕ್ಕೆ ನಮ್ಮ ನಾಡಿನ ನಂಟಿತ್ತೆಂಬುದು ಅನೇಕರಿಗೆ ತಿಳಿಯದ ಸಂಗತಿ. ತಂದೆ ಜೂಲಿಯಸ್ ಟ್ಯೂರಿಂಗ್ ಅವರು ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿ, ಆಗ ಮದರಾಸು ಆಧಿಪತ್ಯದಲ್ಲಿದ್ದ ಬಳ್ಳಾರಿ, ಕರ್ನೂಲು ಮುಂತಾದ ಜಿಲ್ಲೆಗಳಲ್ಲಿ ಸಹಾಯಕ ಕಲೆಕ್ಟರರಾಗಿ ದುಡಿದವರು. ತಾಯಿ ಎಥೆಲ್ ಸಾರಾ ಅವರು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ ಹುಟ್ಟಿದವರು. ಆಕೆಯ ತಂದೆ ಎಡ್ವರ್ಡ್ ಸ್ಟೋನಿ ರೈಲ್ವೆಯ ಮುಖ್ಯ ಇಂಜಿನಿಯರರಾಗಿ ತುಂಗಭದ್ರೆಗೆ ಸೇತುವೆ ಕಟ್ಟಿಸಿದವರು. ತಂದೆತಾಯಿಗಳು ಇಂಡಿಯಾದಲ್ಲಿದ್ದ ಕಾರಣ ಬಾಲಕ ಅಲನ್ ಮತ್ತು ಅವನ ಅಣ್ಣ ಇಂಗ್ಲೆಂಡಿನಲ್ಲಿ ಪರರ ಆಶ್ರಯದಲ್ಲಿ ಬೆಳೆಯಬೇಕಾಯಿತು.

1926ರಲ್ಲಿ ಷೆರ್ಬೋರ್ನ್ ಶಾಲೆಗೆ ಸೇರುವ ದಿನವೇ ದೇಶದಲ್ಲೆಲ್ಲ ಸಾರ್ವತ್ರಿಕ ಮುಷ್ಕರ. ರೈಲುಗಳು ನಿಂತಿದ್ದವು. ಹದಿಮೂರರ ಹುಡುಗ ಸೈಕಲ್ಲೇರಿ, ದಾರಿಯಲ್ಲಿ ಒಂದು ರಾತ್ರಿ ತಂಗಿ, ಅರುವತ್ತು ಮೈಲಿ ಕ್ರಮಿಸಿ ಶಾಲೆ ಮುಟ್ಟಿದನು. ಅಲ್ಲಿ ಪ್ರಾಚೀನ ಭಾಷೆಗಳಿಗೆ ಮನ್ನಣೆ, ವಿಜ್ಞಾನಕ್ಕೆ ಎರಡನೆಯ ಸ್ಥಾನ. ಹುಡುಗನ ಬರವಣಿಗೆ ಅಂದಗೆಟ್ಟದ್ದೆಂದು ಉಪಾಧ್ಯಾಯರಿಗೆ ಬೇಸರ. ವಿಜ್ಞಾನದ ಒಲವನ್ನು ಹಂಚಿಕೊಂಡಿದ್ದ ಆಪ್ತಮಿತ್ರ ಕ್ರಿಸ್ಟೊಫರ್ ಮಾರ್ಕಂ 1930ರಲ್ಲಿ ತೀರಿಕೊಂಡದ್ದು ಅವನ ಬಾಳಿನಲ್ಲಿ ಮಾಯದ ಗಾಯವಾಯಿತು.

ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ 1935ರಲ್ಲಿ ಅಲ್ಲಿಯೇ ಫೆಲೋ ಆದರು. ಮರುವರ್ಷ ಬರೆದ ಲೇಖನದಲ್ಲಿ, ಕೊಟ್ಟ ನಿಯಮಗಳನ್ನು ಹೆಜ್ಜೆಹೆಜ್ಜೆಯಾಗಿ ಪಾಲಿಸುವ ಒಂದು ಕಾಲ್ಪನಿಕ ಯಂತ್ರವನ್ನು ನಿರೂಪಿಸಿದರು. ಯುದ್ಧಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನ್ ನೌಕಾಪಡೆಯ ಎನಿಗ್ಮಾ ಗೂಢಲಿಪಿಯನ್ನು ಭೇದಿಸುವ ತಂಡವನ್ನು ಮುನ್ನಡೆಸಿದ ಸಂಗತಿ ಈಗ ಸಾಕಷ್ಟು ಪ್ರಸಿದ್ಧವಾದುದರಿಂದ ವಿಸ್ತರಿಸುವ ಅಗತ್ಯವಿಲ್ಲ. ನಮ್ಮ ಗಮನಕ್ಕೆ ಬರಬೇಕಾದುದು ಅವರ ಅಷ್ಟೇನೂ ಪ್ರಸಿದ್ಧವಲ್ಲದ ಒಂದು ಪುಸ್ತಕ.

1948ರಲ್ಲಿ ಟ್ಯೂರಿಂಗ್ ಅವರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿಯ ಮೊದಲ ಯಂತ್ರವನ್ನು ನಡೆಸುವುದೆಂದರೆ ಒಂದು ವ್ಯಾಯಾಮವೇ ಸರಿ. ಯಂತ್ರವೊಂದು ಕೋಣೆಯಲ್ಲಿ, ರಂಧ್ರಪಟ್ಟಿಯನ್ನು ಓದುವ ಉಪಕರಣ ಮೇಲಂತಸ್ತಿನಲ್ಲಿ. ಕೆಲಸ ಮಾಡುವವರು ಮೆಟ್ಟಿಲು ಹತ್ತಿಳಿಯುತ್ತ, ಇಂಜಿನಿಯರನನ್ನು ಕೂಗಿ ಸ್ವಿಚ್ಚು ಹಾಕಿಸುತ್ತ ಇರಬೇಕು. 1951ರಲ್ಲಿ ಫೆರಾಂಟಿ ಕಂಪನಿ ನಿರ್ಮಿಸಿದ ಹೊಸ ಯಂತ್ರ ಬಂದಾಗ, ಅದನ್ನು ಬಳಸುವವರಿಗಾಗಿ ಟ್ಯೂರಿಂಗ್ ಅವರು ಒಂದು ಕೈಪಿಡಿಯನ್ನು ರಚಿಸಿದರು. ಆದೇಶಗಳ ಅರ್ಥ, ಪದೇ ಪದೇ ಬೇಕಾಗುವ ಕೆಲಸಗಳನ್ನು ಕಿರುವಿಧಿಗಳಾಗಿ ಬರೆದಿರಿಸಿ ಮರಳಿ ಬಳಸುವ ಬಗೆ, ತಪ್ಪು ಹುಡುಕುವ ಉಪಾಯ, ಯಂತ್ರದಿಂದ ಸದ್ದು ಹೊರಡಿಸುವ ಕ್ರಮ, ಎಲ್ಲವೂ ಅದರಲ್ಲಿದ್ದವು.

ಆದರೆ ಅಧ್ಯಾಪಕನ ದೃಷ್ಟಿಯಿಂದ ನೋಡಿದರೆ ಆ ಪುಸ್ತಕ ನಿರ್ದೋಷವಾದುದೆಂದು ಹೇಳಲಾಗದು. ಹತ್ತರ ಬದಲು ಮೂವತ್ತೆರಡನ್ನು ಮೂಲವಾಗಿಟ್ಟ ಸಂಖ್ಯಾಪದ್ಧತಿ. ಅಂಕಿಗಳಿಗೆ ಬದಲು ಟೆಲಿಪ್ರಿಂಟರಿನ ಅಕ್ಷರಚಿಹ್ನೆಗಳು. ಸೊನ್ನೆಗೆ ಒಂದು ಓರೆಗೆರೆ. ಅದೂ ಸಾಲದೆ, ಕಿರಿಯ ಸ್ಥಾನ ಎಡಕ್ಕೆ, ಹಿರಿಯ ಸ್ಥಾನ ಬಲಕ್ಕೆ. ತಮಗೆ ಸುಲಭವಾದುದು ಪರರಿಗೂ ಸುಲಭವೆಂದು ಪ್ರತಿಭಾವಂತರು ಭಾವಿಸುವುದುಂಟು. ಟ್ಯೂರಿಂಗ್ ಅವರಲ್ಲಿಯೂ ಈ ದೌರ್ಬಲ್ಯವಿತ್ತು. ಕೈಪಿಡಿ ತನ್ನ ಕ್ಲಿಷ್ಟತೆಗೇ ಹೆಸರಾಯಿತು. ಮುಂದಿನ ಆವೃತ್ತಿಗಳನ್ನು ತಿಳಿಗೊಳಿಸುವ ಹೊಣೆ ಸಹೋದ್ಯೋಗಿಗಳ ಪಾಲಿಗೆ ಬಂದಿತು.

ಆದರೂ ಆ ಕೈಪಿಡಿಗೆ ಯೋಗ್ಯ ಓದುಗನೊಬ್ಬ ದೊರೆತನು. ಅವನು ಶಾಲಾಮಾಸ್ತರನೆಂಬುದು ನಮಗೆ ಹರ್ಷದ ಸಂಗತಿ. ಹ್ಯಾರೋ ಶಾಲೆಯ ಉಪಾಧ್ಯಾಯರಾಗಿದ್ದ ಕ್ರಿಸ್ಟೊಫರ್ ಸ್ಟ್ರೇಚಿ ಅವರು ಪ್ರತಿಯೊಂದನ್ನು ತರಿಸಿಕೊಂಡು ಬಿಡುವಿನ ವೇಳೆಯಲ್ಲಿ ಓದಿದರು. ಯಂತ್ರವು ತನ್ನ ನಡೆಯನ್ನು ತಾನೇ ಅನುಕರಿಸಿ, ಕ್ರಮವಿಧಿಗಳನ್ನು ಪರೀಕ್ಷಿಸುವಂತೆ ಮಾಡಬಾರದೇಕೆ ಎಂದು ಟ್ಯೂರಿಂಗ್ ಅವರು ಸೂಚಿಸಿದರು. ಸ್ಟ್ರೇಚಿ ಅವರು ಸುಮಾರು ಸಾವಿರ ಆದೇಶಗಳ ಕ್ರಮವಿಧಿಯನ್ನು ಬರೆದು ತಂದರು. ಅಷ್ಟು ದೀರ್ಘವಾದುದನ್ನು ಆ ಯಂತ್ರ ಅದುವರೆಗೆ ಕಂಡಿರಲಿಲ್ಲ. ರಾತ್ರಿಯೆಲ್ಲ ದುಡಿದು ಅದನ್ನು ನಡೆಸಿದಾಗ, ಕೊನೆಯಲ್ಲಿ ಯಂತ್ರ ಬ್ರಿಟಿಷ್ ರಾಷ್ಟ್ರಗೀತೆಯನ್ನು ನುಡಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಮಾಸ್ತರರು ಮರುವರ್ಷವೇ ಶಾಲೆ ಬಿಟ್ಟು ಗಣಕದ ಕೆಲಸಕ್ಕೆ ಸೇರಿದರು.

ಇನ್ನೊಂದು ಮಾತು ಇಲ್ಲಿ ಸ್ಮರಣೀಯ. 1947ರಲ್ಲಿ ಲಂಡನ್ನಿನ ಗಣಿತ ಸಂಘದ ಮುಂದೆ ಮಾಡಿದ ಉಪನ್ಯಾಸದಲ್ಲಿ ಟ್ಯೂರಿಂಗ್ ಅವರು, ಯಾವ ಕೆಲಸ ವಾಡಿಕೆಯಾಗಿ ಬಿಡುವುದೋ ಅದನ್ನು ಯಂತ್ರಕ್ಕೇ ಒಪ್ಪಿಸಬಹುದೆಂದು ವಿವರಿಸಿ, ಹಾಗಾದಾಗ ಯಂತ್ರಕ್ಕೆ ಆದೇಶ ಬರೆಯುವ ಪಂಡಿತರು ತಮ್ಮ ಸ್ಥಾನ ಹೋದೀತೆಂಬ ಭಯದಿಂದ ವಿದ್ಯೆಯನ್ನು ಅರ್ಥವಾಗದ ಮಾತುಗಳಲ್ಲಿ ಮುಚ್ಚಿಡಬಹುದೆಂದು ಎಚ್ಚರಿಸಿದ್ದರು. ಇಂದು ಯುನಿಕ್ಸ್ ಮುಂತಾದ ವ್ಯವಸ್ಥೆಗಳ ಮೇಲ್ವಿಚಾರಕರು ದಿನನಿತ್ಯದ ಕೆಲಸಗಳನ್ನು ಪುಟ್ಟ ಆದೇಶಪಟ್ಟಿಗಳಾಗಿ ಬರೆದಿಟ್ಟು ಯಂತ್ರಕ್ಕೆ ವಹಿಸುವುದು, ಟಿಪ್ಪಣಿಗಳನ್ನು ಮುಂದೆ ಬರುವವರಿಗಾಗಿ ಕಾದಿರಿಸುವುದು ಇದೇ ದಾರಿಯಲ್ಲಿ.

1952ರಲ್ಲಿ ಅವರ ಮನೆಯಲ್ಲಿ ಕಳವಾಯಿತು. ಪೋಲೀಸರಿಗೆ ದೂರಿತ್ತ ಟ್ಯೂರಿಂಗ್ ಅವರು ವಿಚಾರಣೆಯಲ್ಲಿ ತಮ್ಮ ಸಲಿಂಗ ಸಂಬಂಧವನ್ನು ಮರೆಮಾಚಲಿಲ್ಲ. ಆಗಿನ ಇಂಗ್ಲೆಂಡಿನಲ್ಲಿ ಅದು ಅಪರಾಧ. ದೂರುಗಾರರೇ ಅಪರಾಧಿಯಾಗಿ ನಿಂತರು. ಸೆರೆವಾಸದ ಬದಲು ಒಂದು ವರ್ಷ ಹಾರ್ಮೋನು ಚಿಕಿತ್ಸೆಗೆ ಒಳಗಾಗಬೇಕಾಯಿತು. ಗೂಢಲಿಪಿಯ ಸರ್ಕಾರಿ ಕೆಲಸದ ಬಾಗಿಲು ಮುಚ್ಚಿತು. ದೇಶವನ್ನು ಕಾಪಾಡಿದವರಿಗೆ ಆ ದೇಶ ತೋರಿದ ಈ ನಡತೆ ಅಮಾನುಷವೆನ್ನಲು ಸಂಕೋಚ ಬೇಕಿಲ್ಲ. ಅವರ ಯುದ್ಧಸೇವೆ ಆಗ ರಹಸ್ಯವಾಗಿದ್ದುದರಿಂದ ನ್ಯಾಯಾಲಯದಲ್ಲಿ ಅದನ್ನು ವಿವರಿಸುವಂತೆಯೂ ಇರಲಿಲ್ಲ. 1954ರ ಜೂನ್ 7ರಂದು ಸಯನೈಡ್ ವಿಷದಿಂದ ಅವರು ತೀರಿಕೊಂಡರು. ಮರುದಿನ ಮನೆಗೆಲಸದಾಕೆ ಕಂಡಳು. ವಯಸ್ಸು 41. ಅಧಿಕೃತ ವಿಚಾರಣೆ ಆತ್ಮಹತ್ಯೆಯೆಂದಿತು. ತಾಯಿ ಮಾತ್ರ ಅದು ಆಕಸ್ಮಿಕವೆಂದೇ ನಂಬಿದರು.

ಆ ಕಾನೂನು ಇಂಗ್ಲೆಂಡಿನಲ್ಲಿ 1967ರಲ್ಲಿ ಸಡಿಲವಾಯಿತು; ನಮ್ಮಲ್ಲಿ 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ಕುರುಹನ್ನು ತೊಡೆಯಿತು. 2009ರಲ್ಲಿ ಬ್ರಿಟಿಷ್ ಪ್ರಧಾನಿ ಕ್ಷಮೆ ಕೋರಿದರು, 2013ರಲ್ಲಿ ರಾಣಿಯ ಕ್ಷಮಾದಾನವೂ ದೊರೆಯಿತು. 2021ರ ಜೂನ್ 23ರಂದು ಚಲಾವಣೆಗೆ ಬಂದ ಐವತ್ತು ಪೌಂಡಿನ ನೋಟಿನಲ್ಲಿ ಟ್ಯೂರಿಂಗ್ ಅವರ ಭಾವಚಿತ್ರವಿದೆ. ಜೊತೆಗೆ ಮುದ್ರಿತವಾದ ಪಟ್ಟಿಯೊಂದರಲ್ಲಿ ಅವರ ಜನ್ಮದಿನಾಂಕ ಯಂತ್ರ ಓದಬಲ್ಲ ದ್ವಿಮಾನ ಅಂಕಿಗಳಲ್ಲಿದೆ.